ಡಿಐಆರ್‌ನ (ಕೌಟುಂಬಿಕ ಘಟನಾ ವರದಿಯ) ಎರಡನೇ ಕಾಲಂ: ಮಂಡ್ಯದಲ್ಲಿ ನನ್ನ ಹದಿನಾಲ್ಕು ತಿಂಗಳು

ಯುಗಾದಿ ಕಳೆದು ಹತ್ತನೇ ದಿನಕ್ಕೆ, ಗಂಡನ ಮೇಲೆ ನಾನು ಹಾಕಿದ್ದ ಕೌಟುಂಬಿಕ ದೌರ್ಜನ್ಯದ ಕೇಸಿನ ಆದೇಶವಾಯಿತು. ದೃಢೀಕೃತ ನಕಲು ಕೈಗೆ ಬಂದದ್ದು ಮೊನ್ನೆ. ಊರು, ತಾಲ್ಲೂಕು ಬರೆಯುವುದಿಲ್ಲ. ಮಂಡ್ಯ ಜಿಲ್ಲೆ ಅಂದರೆ ಸಾಕು. ಮಗಳು ಈಗ ಮೂರನೇ ಕ್ಲಾಸಿಗೆ ಹೋಗುತ್ತಾಳೆ, ನಾಳೆ ಅವಳ ಜೊತೆಯವರ ಕಣ್ಣಿಗೆ ಇದು ಬೀಳಬಾರದು. ಆದರೆ ನಾನು ಅಲೆಯುವಾಗ ಈ ದಾರಿಯಲ್ಲಿ ಹೋಗಿ ಬಂದವರೊಬ್ಬರು ಎದುರು ಕೂತು ಹೇಳಿದ್ದರೆ ನಾಲ್ಕೈದು ತಿಂಗಳಾದರೂ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು 2024ರ ಸಂಕ್ರಾಂತಿ ರಾತ್ರಿ. ನಿಜ ಹೇಳಬೇಕೆಂದರೆ ಶುರುವಾದದ್ದು ಮದುವೆಯಾದ ವರ್ಷವೇ, ನಾನು ಫೋನ್ ಎತ್ತಿದ್ದು ಅವತ್ತು. ದನಗಳಿಗೆ ಕಿಚ್ಚು ಹಾಯಿಸಿ ಬಂದ ಗಂಡ ಕುಡಿದಿದ್ದ. ತುಟಿ ಒಡೆದು, ಎಡಗೈ ಮಣಿಕಟ್ಟು ಊದಿಕೊಂಡ ಮೇಲೆ ಮಗಳನ್ನು ಎಳೆದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿ 112ಕ್ಕೆ ಮಾಡಿದೆ. ಗಾಡಿ ಬರುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವನು ಬಾಗಿಲಾಚೆ ನಿಂತು ಮೆತ್ತಗೆ, ಪ್ರೀತಿಯಿಂದ ಮಾತಾಡುತ್ತಿದ್ದ. ಕೂಗಾಡಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಠಾಣೆಯಲ್ಲಿ ವಯಸ್ಸಾದ ಪೊಲೀಸರೊಬ್ಬರು ನೀರು ಕೊಟ್ಟು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತಂಕ ಕಣಮ್ಮ, ಬೆಳಗ್ಗೆ ಸರಿಹೋಯ್ತದೆ" ಅಂದರು. ಕೆಟ್ಟವರೇನಲ್ಲ, ಸಮಾಧಾನಕ್ಕೆ ಹೇಳಿದ್ದು. ನನ್ನ ಮನೆಯಲ್ಲಿ ಶುರುವಾಗುತ್ತಿದ್ದುದೇ ಉಂಡು ಮಲಗಿದ ಮೇಲೆ ಎಂದು ಅವರಿಗೆ ಹೇಗೆ ಹೇಳಲಿ? ಸುಮ್ಮನಿದ್ದೆ.

ಬೆಳಗ್ಗೆ ಅವನನ್ನೂ ಅತ್ತೆಯನ್ನೂ ಕರೆಸಿ ಮುಚ್ಚಳಿಕೆ ಬರೆಸಿದರು. 'ಇನ್ನು ಮುಂದೆ ಚೆನ್ನಾಗಿ ನೋಡಿಕೊಳ್ಳುತ್ತೇನೆ.' ಅದು ಅವನು ಬರೆದುಕೊಟ್ಟ ಮೂರನೇ ಮುಚ್ಚಳಿಕೆ. ಮೊದಲ ಎರಡರ ನಕಲು ನಾನು ಕೇಳಿರಲೇ ಇಲ್ಲ. ನೀವು ಕೇಳಿ. ದೂರು ಕೊಟ್ಟು ಎಫ್‌ಐಆರ್ ಮಾಡದಿದ್ದರೆ, ದೂರು ಬಂದಿತ್ತು, ಹೀಗೆ ಕ್ರಮ ಕೈಗೊಂಡಿದ್ದೇವೆ ಎಂದು ಹಿಂಬರಹ ಬರೆದುಕೊಡಿ ಎಂದು ನಿಂತುಕೊಳ್ಳಿ. ವರ್ಷ ಕಳೆದ ಮೇಲೆ ಕೋರ್ಟಿನಲ್ಲಿ ಅದೊಂದು ಚೀಟಿಗೆ ಇರುವ ಬೆಲೆ ನಮ್ಮ ಕಣ್ಣೀರಿಗಿಲ್ಲ.

ಅವನ ಹಿಂದೆ ಆಟೋ ಹತ್ತಬೇಕಿದ್ದವಳನ್ನು ತಡೆದದ್ದು ಒಬ್ಬ ಮಹಿಳಾ ಕಾನ್‌ಸ್ಟೇಬಲ್. ಶೌಚಾಲಯದ ಹತ್ತಿರ ಬಂದು, "ಸಖಿಗೆ ಹೋಗ್ತೀಯೇನಕ್ಕ? ನಾನು ಬಿಡಿಸ್ತೀನಿ" ಅಂತ ಮೆಲ್ಲಗೆ ಕೇಳಿದಳು. ಸಖಿ ಅಂದರೆ ಒನ್ ಸ್ಟಾಪ್ ಸೆಂಟರ್, ಕೇಂದ್ರ ಸರ್ಕಾರದ ಯೋಜನೆ, 2015ರಿಂದ ಇದೆ. ಒಂದೇ ಕಡೆ ಡಾಕ್ಟರು, ವಕೀಲರು, ಪೊಲೀಸು, ಆಪ್ತ ಸಮಾಲೋಚಕಿ ಸಿಗಬೇಕು ಅನ್ನುವುದು ಅದರ ಉದ್ದೇಶ. ಐದು ದಿನದವರೆಗೆ ಉಳಿಯಬಹುದು. ನಾನು ಎರಡು ರಾತ್ರಿ ಇದ್ದೆ. ಒಂದು ಪೈಸೆ ಕೇಳಲಿಲ್ಲ. 181ಕ್ಕೆ ಫೋನ್ ಮಾಡಿದರೂ ಅಲ್ಲಿಗೆ ದಾರಿ ತೋರಿಸುತ್ತಾರೆ. ಮಗಳಿಗೆ ಹೊಸ ಹಲ್ಲುಜ್ಜುವ ಬ್ರಶ್ ಕೊಟ್ಟರು. ಇವತ್ತಿಗೂ ಅದು ಮನೆಯಲ್ಲಿದೆ, ಎಸೆಯಲು ಬಿಡುವುದಿಲ್ಲ.

ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿ ಎಂಎಲ್‌ಸಿ, ಅಂದರೆ ಪೊಲೀಸು-ಕೋರ್ಟಿಗೆ ಬೇಕಾಗುವ ಗಾಯದ ದಾಖಲೆ, ಮಾಡಿಸಿದರು. ಏಟು ಹೇಗಾಯಿತು, ಯಾರು ಹೊಡೆದರು ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಇಲ್ಲಿ ನನ್ನ ಒಂದು ತಪ್ಪು ಹೇಳಿಕೊಳ್ಳಬೇಕು. 2022ರಲ್ಲಿ ಹುಬ್ಬಿಗೆ ಮೂರು ಹೊಲಿಗೆ ಬಿದ್ದಾಗ ಒಂದು ನರ್ಸಿಂಗ್ ಹೋಮಿನಲ್ಲಿ "ಬಚ್ಚಲಲ್ಲಿ ಜಾರಿ ಬಿದ್ದೆ" ಅಂದಿದ್ದೆ. ಪಕ್ಕದಲ್ಲೇ ಅವನು ನಿಂತಿದ್ದ, ಇನ್ನೇನು ಹೇಳಲಿ. ಡಾಕ್ಟರು ಹಾಗೇ ಬರೆದರು. ಆ ಚೀಟಿಯನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದಾನೆಂದು ನನಗೆ ಗೊತ್ತಾದದ್ದು ಪಾಟೀ ಸವಾಲಿನ ದಿನ.

ಅವ್ವನ ಮನೆ ಸೇರಿದೆ. ಅಣ್ಣ ಮಾತಾಡಲಿಲ್ಲ, ಅತ್ತಿಗೆ ಕಾಫಿ ಕೊಟ್ಟಳು. "ವಾಪಸ್ ಹೋಗು ಅನ್ನಲ್ಲ ಮಗ, ಆದ್ರೆ ಊರೋರ್ ಬಾಯ್ಗೆ ಬೀಗ ಹಾಕಕ್ಕಾಯ್ತದಾ" ಎಂದು ಅವ್ವ ಅತ್ತಳು. ಊರಿನವರ ಬಾಯಿ ಮೂರು ತಿಂಗಳಿಗೆ ತಾನಾಗಿ ಸುಸ್ತಾಯಿತು.

ಕೈಯಲ್ಲಿ ಒಂದು ದಾಖಲೆ ಇರಲಿಲ್ಲ. ಆಧಾರ್, ಮಗಳ ಜನನ ಪ್ರಮಾಣಪತ್ರ, ಮದುವೆ ಆಲ್ಬಂ ಎಲ್ಲ ಅಲ್ಲೇ. ಆಧಾರಿನಂಥ ಗುರುತಿನ ಚೀಟಿ ಇಲ್ಲದಿದ್ದರೆ ಶಕ್ತಿ ಟಿಕೆಟ್ ಇಲ್ಲ. ಇಡೀ ರಾಜ್ಯದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುವಾಗ ನಾನು ಕಂಡಕ್ಟರಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದೆ. ಮೊಬೈಲಿನಲ್ಲಿ ತೋರಿಸೋಣವೆಂದರೆ ಆಧಾರಿಗೆ ಜೋಡಿಸಿದ್ದು ಅವನ ನಂಬರು, ಒಟಿಪಿ ಅವನಿಗೆ ಹೋಗುತ್ತದೆ. ಸೈಬರ್ ಸೆಂಟರಿನ ಹುಡುಗ ₹50 ತೆಗೆದುಕೊಂಡು ಪಿವಿಸಿ ಕಾರ್ಡಿಗೆ ಹಾಕಿಕೊಟ್ಟ. ಅದು ಅಂಚೆಯಲ್ಲಿ ನೇರ ಗಂಡನ ಮನೆ ವಿಳಾಸಕ್ಕೆ ಹೋಯಿತು! ಕೊನೆಗೆ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ನಂಬರು ಬದಲಿಸಿಕೊಂಡೆ. ನೀವು ಮನೆ ಬಿಟ್ಟ ವಾರವೇ ಮಾಡಬೇಕಾದ ಕೆಲಸ ಇದು. ಇನ್ನೂ ಬಿಟ್ಟಿಲ್ಲ ಅನ್ನುವವರು ಎಲ್ಲ ಕಾಗದಗಳ ಫೋಟೋ ತೆಗೆದು ನಂಬಿಕೆಯ ಒಬ್ಬರಿಗೆ ಕಳಿಸಿಟ್ಟಿರಿ. ಗೃಹಲಕ್ಷ್ಮಿಯ ₹2,000ದ ಆಸೆ ಮೊದಲೇ ಇರಲಿಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ.

ಮಗಳ ಸ್ಕೂಲಿನವರು ಅಪ್ಪನ ಸಹಿ ಇಲ್ಲದೆ ಟಿಸಿ ಕೊಡುವುದಿಲ್ಲ ಅಂದರು. ನಮ್ಮೂರ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರು, "ಟಿಸಿ ತಡವಾಯ್ತು ಅಂತ ಮಗೂನ ಹೊರಗೆ ನಿಲ್ಸಂಗಿಲ್ಲಮ್ಮ, ಶಿಕ್ಷಣ ಹಕ್ಕು ಕಾಯ್ದೇಲಿ ಹಂಗೇ ಇದೆ" ಎಂದು ಅವತ್ತೇ ಕೂರಿಸಿಕೊಂಡರು. ಬಿಸಿಯೂಟದ ಗಂಟೆ ಹೊಡೆಯಿತು, ಮಗಳು ಹಿಂದೆ ತಿರುಗಿ ನೋಡದೆ ತಟ್ಟೆ ಹಿಡಿದು ಓಡಿದಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸಂರಕ್ಷಣಾಧಿಕಾರಿ ಅಂತ ಒಬ್ಬರಿರುತ್ತಾರೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಆ ಅಧಿಕಾರಿ. ಹೌದು, ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ. ಗಂಡನ ಮನೆ ಎಲ್ಲೇ ಇರಲಿ, ನೀವು ಈಗ ಇರುವ ಕಡೆಯೇ ಅರ್ಜಿ ಹಾಕಬಹುದು. ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಸಾಕು. ಇದು ಗೊತ್ತಿಲ್ಲದೆ ನಾನು ಎರಡು ಸಲ ಅವನ ತಾಲ್ಲೂಕಿನ ಕಚೇರಿಗೆ ಹೋಗಿ ಬಂದೆ.

ಫೆಬ್ರವರಿ ಮೊದಲ ವಾರ ನಮ್ಮ ತಾಲ್ಲೂಕಿನ ಕಚೇರಿಯಲ್ಲಿ ಡಿಐಆರ್ ತುಂಬಿದರು. ಕನ್ನಡದಲ್ಲಿ ಕೌಟುಂಬಿಕ ಘಟನಾ ವರದಿ. ಅವತ್ತು ಅಂಗನವಾಡಿ ಕಾರ್ಯಕರ್ತೆಯರ ಮೀಟಿಂಗು. ಮೊಟ್ಟೆ ಲೆಕ್ಕ, ರಿಜಿಸ್ಟರು, ಗೌರವಧನದ ಮಾತು. ಮೇಜಿನ ಸುತ್ತ ಹನ್ನೊಂದು ಜನ ಇದ್ದರು, ನಾನು ಎಣಿಸಿದ್ದೆ. ಅದರಲ್ಲಿ ಒಬ್ಬರು ನಮ್ಮ ಪಕ್ಕದೂರಿನ ಟೀಚರು. ಮೇಲ್ವಿಚಾರಕಿ ಮೇಡಂ ಪೆನ್ನು ಹಿಡಿದು ಗಟ್ಟಿಯಾಗಿ ಓದುತ್ತಾ ಹೋದರು.

ಆ ನಮೂನೆ ಹೀಗಿದೆ: ಮೊದಲು ದೈಹಿಕ ಹಿಂಸೆ, ಎರಡನೆಯದು ಲೈಂಗಿಕ ಹಿಂಸೆ, ಆಮೇಲೆ ಮಾತಿನ ಮತ್ತು ಭಾವನಾತ್ಮಕ ಹಿಂಸೆ, ಆರ್ಥಿಕ ಹಿಂಸೆ, ವರದಕ್ಷಿಣೆ ಕಿರುಕುಳ. ಒಂದೊಂದರ ಎದುರೂ ದಿನಾಂಕ, ಜಾಗ, ಸಮಯ, ಮಾಡಿದವರು ಯಾರು ಎಂದು ಬರೆಯಲು ಕಾಲಂ. ಮೊದಲನೆಯದನ್ನು ಹೇಳಿದೆ. ಎರಡನೆಯದಕ್ಕೆ ಬಂದಾಗ ಮೇಡಂ ತಲೆ ಎತ್ತದೆ, "ಇದೇನಿಲ್ಲ ಅಲ್ವಾ?" ಅಂದರು. ನಾನೂ, "ಇಲ್ಲ ಮೇಡಂ" ಅಂದೆ. ಅವರು ಗೆರೆ ಎಳೆದು ಮುಂದೆ ಹೋದರು. ಒಂದು ಸೆಕೆಂಡಿನ ಕೆಲಸ.

ಒಂಬತ್ತು ವರ್ಷದಲ್ಲಿ ನನ್ನನ್ನು ತಿಂದದ್ದು ಆ ಗೆರೆ ಎಳೆದ ಸಾಲು. ಏಟು ಒಂದು ವಾರಕ್ಕೆ ಮಾಯುತ್ತಿತ್ತು. ಬೇಡ ಅಂದದ್ದು ಕೇಳಿಸದವನ ಪಕ್ಕ, ಹುಷಾರಿಲ್ಲದಾಗಲೂ, ಮಗು ಹುಟ್ಟಿ ಇಪ್ಪತ್ತು ದಿನಕ್ಕೂ ಮಲಗಬೇಕಾದದ್ದು ಮಾಯಲಿಲ್ಲ. ಇಷ್ಟಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ. ಅದಕ್ಕೊಂದು ಹೆಸರಿದೆ, ಸರ್ಕಾರದ ಕಾಗದದಲ್ಲೇ ಅಚ್ಚಾಗಿದೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾದ ದಿನವೇ ಇಲ್ಲ ಅಂದೆ.

ಡಿಐಆರ್‌ನ ಒಂದು ಪ್ರತಿ ನಮಗೆ ಪುಕ್ಕಟೆ ಕೊಡುತ್ತಾರೆ. ಸಾಂತ್ವನ ಕೇಂದ್ರದ ಸಮಾಲೋಚಕಿಯೊಬ್ಬರು ಅದನ್ನು ಓದಿ ಮಡಿಸಿಟ್ಟು, ಬಾಗಿಲು ಹಾಕಿ ಬಂದು ಕೂತರು. "ಮಿಕ್ಕಿದ್ದೆಲ್ಲ ದಿನಾಂಕ ಸಮೇತ ಹೇಳಿದ್ದೀರಿ. ಇದೊಂದಕ್ಕೆ ಯಾರ ಮುಂದೆ ಇಲ್ಲ ಅಂದ್ರಿ?" ನಾನು ಅಳುವುದಕ್ಕೆ ಅರ್ಧ ಗಂಟೆ ತೆಗೆದುಕೊಂಡೆ. ಆಮೇಲೆ ಹೇಳಿದೆ. ಅವರು ಬರೆದುಕೊಳ್ಳಲಿಲ್ಲ, ಬರೀ ಕೇಳಿದರು. ಬರೆಯುವುದು ನನ್ನ ವಕೀಲರ ಮುಂದೆ ಆಗಲಿ ಅಂದರು.

ವಕೀಲರು ಸಿಕ್ಕಿದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಆದಾಯ ಪ್ರಮಾಣಪತ್ರ ಬೇಕಿಲ್ಲ. 15100ಕ್ಕೆ ಫೋನ್ ಮಾಡಿ ಕೇಳಬಹುದು. ಮೊದಲು ಕೊಟ್ಟ ಪ್ಯಾನಲ್ ವಕೀಲರು ಎರಡು ವಾರ ಫೋನೇ ಎತ್ತಲಿಲ್ಲ. ಬದಲಿಸಿಕೊಡಿ ಎಂದು ಒಂದು ಅರ್ಜಿ ಬರೆದುಕೊಟ್ಟೆ, ಬದಲಿಸಿದರು. ಪುಕ್ಕಟೆ ಕೊಟ್ಟದ್ದು, ಹೇಗಿದ್ದರೂ ಸಹಿಸಿಕೊಳ್ಳಬೇಕು ಅಂದುಕೊಳ್ಳಬೇಡಿ.

ಹೊಸ ವಕೀಲರು ಹೆಂಗಸು. ಎರಡು ವಿಷಯ ಬಿಡಿಸಿ ಹೇಳಿದರು. ಒಂದು, ಡಿವಿ ಕೇಸು, ಅಂದರೆ ಈ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕೇಸು ಬೇರೆ, ಪೊಲೀಸರಿಗೆ ಕೊಡುವ ಕ್ರೌರ್ಯದ ದೂರು ಬೇರೆ. ನನ್ನ ಘಟನೆ ನಡೆದಾಗ ಅದು ಐಪಿಸಿಯ 498ಎ ಕಲಂ. 2024ರ ಜುಲೈ 1ರಿಂದ ಅದೇ ಭಾರತೀಯ ನ್ಯಾಯ ಸಂಹಿತೆಯ 85. ಎರಡನ್ನೂ ಒಟ್ಟಿಗೆ ನಡೆಸಬಹುದು. ನಾನು ಡಿವಿ ಮಾತ್ರ ಸಾಕು ಅಂದೆ. ಅವನು ಜೈಲಿಗೆ ಹೋಗುವುದು ನನಗೆ ಬೇಕಿರಲಿಲ್ಲ, ರಾತ್ರಿ ಹೊತ್ತು ನನ್ನ ಬಾಗಿಲು ತಟ್ಟಬಾರದು ಅಷ್ಟೆ. ನಿಮ್ಮ ಲೆಕ್ಕ ಬೇರೆ ಇರಬಹುದು.

ಎರಡನೆಯದನ್ನು ಕೇಳಿದ್ದು ನಾನು. "ಅದು ಅತ್ಯಾಚಾರ ಅಲ್ವಾ ಮೇಡಂ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡ ಮಾಡಿದ್ದನ್ನು ಕಾನೂನು ಅತ್ಯಾಚಾರ ಅನ್ನುವುದಿಲ್ಲ, ಹೊಸ ಸಂಹಿತೆಯಲ್ಲೂ ಆ ವಿನಾಯಿತಿ ಹಾಗೇ ಉಳಿದಿದೆ ಅಂದರು. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟೇ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪ ರದ್ದುಮಾಡಲು ಒಪ್ಪಿರಲಿಲ್ಲವಂತೆ. 'ಗಂಡಸು ಗಂಡಸೇ, ಕೃತ್ಯ ಕೃತ್ಯವೇ' ಅನ್ನುವ ಅರ್ಥದ ಮಾತು ಅದರಲ್ಲಿದೆ. ಆದರೆ ಆ ಕೇಸಿಗೆ ಸುಪ್ರೀಂ ಕೋರ್ಟು ತಡೆ ಕೊಟ್ಟಿದೆ. "ಡಿವಿ ಕಾಯ್ದೆ ಮಾತ್ರ ಅದನ್ನ ಹಿಂಸೆ ಅಂತ ಹೆಸರಿಟ್ಟು ಕರೆಯುತ್ತೆ. ಅದಕ್ಕೇ ಅಲ್ಲಾದ್ರೂ ಹೇಳಿ." ಅರ್ಜಿಯಲ್ಲೂ ಅಫಿಡವಿಟ್ಟಿನಲ್ಲೂ ಬರೆದರು. ನಾನು ಓದದೆ ಸಹಿ ಹಾಕಲು ಹೋದೆ, ಬಿಡಲಿಲ್ಲ. ಪೂರ್ತಿ ಓದಿಸಿದರು.

ಕೋರ್ಟಿಗೆ ಅರ್ಜಿ ಹಾಕಿದ್ದು ಮಾರ್ಚ್ ಮೊದಲ ವಾರ. ಮೊದಲ ವಾಯಿದೆ ಸಾಮಾನ್ಯವಾಗಿ ಮೂರು ದಿನದೊಳಗೆ, ಕೇಸು 60 ದಿನದೊಳಗೆ ಮುಗಿಸಲು ಪ್ರಯತ್ನ ಎಂದು ಕಾಯ್ದೆಯಲ್ಲಿದೆ. ಈ ಅರವತ್ತನ್ನು ನಂಬಿ ನಾನು ಅಣ್ಣನಿಗೆ ಮೇ ಹೊತ್ತಿಗೆ ಮುಗಿಯುತ್ತದೆ ಅಂದಿದ್ದೆ. ನೋಟಿಸು ಜಾರಿಮಾಡಿಸುವುದು ಸಂರಕ್ಷಣಾಧಿಕಾರಿಯ ಕೆಲಸ. ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂತು. ಮಂಡ್ಯದಲ್ಲಿ ಏಪ್ರಿಲ್ 26ಕ್ಕೆ ಮತದಾನ, ಕಚೇರಿಯಲ್ಲಿ ಯಾರನ್ನು ಕೇಳಿದರೂ "ಎಲೆಕ್ಷನ್ ಡ್ಯೂಟಿ". ಮೊದಲ ಸಲ ನೋಟಿಸು ಹೋದಾಗ ಮನೆಗೆ ಬೀಗ. ಎರಡನೇ ಸಲ ಅತ್ತೆ ತೆಗೆದುಕೊಳ್ಳಲಿಲ್ಲ. ಅವನ ಗ್ಯಾರೇಜಿನ ವಿಳಾಸವನ್ನೂ ಅರ್ಜಿಯಲ್ಲಿ ಹಾಕಿದ್ದರೆ ಈ ಎರಡು ತಿಂಗಳು ಉಳಿಯುತ್ತಿತ್ತು. ಮೂರನೇ ಸಲ ಅಲ್ಲಿಯೇ ಕೊಟ್ಟರು.

ಕೋರ್ಟು ಅಂದರೆ ಕಾಯುವುದು. ಹತ್ತೂವರೆಗೆ ಹೋಗಿ ಕೂತರೆ ಹೆಸರು ಕೂಗುವುದು ಹನ್ನೆರಡಕ್ಕೋ ನಾಲ್ಕಕ್ಕೋ. ಕೂಗಿದಾಗ ನೀವು ನೀರು ಕುಡಿಯಲು ಹೋಗಿದ್ದರೆ ಮುಗಿಯಿತು. ಅವನೂ ಅದೇ ಜಗಲಿಯಲ್ಲಿ ಹತ್ತಡಿ ದೂರದಲ್ಲಿ ನಿಂತಿರುತ್ತಾನೆ. ಮೊದಲ ಮೂರು ವಾಯಿದೆ ನನಗೆ ಊಟ ಸೇರಲಿಲ್ಲ. ಆಮೇಲೆ ಅತ್ತಿಗೆ ಜೊತೆಗೆ ಬರತೊಡಗಿದಳು, ಅವನು ನಿಂತ ಕಡೆಗೇ ಮುಖ ಮಾಡಿ ಕಡಲೆಕಾಯಿ ಬಿಡಿಸುತ್ತಾ ಕೂರುತ್ತಿದ್ದಳು. ಏನೂ ಮಾತಾಡದ ಅತ್ತಿಗೆ! ನಾನು ಅಷ್ಟು ಹೊತ್ತಿಗೆ ಗಾರ್ಮೆಂಟ್ಸ್‌ಗೆ ಸೇರಿದ್ದೆ. ವಾಯಿದೆ ದಿನ ಸಂಬಳ ಕಟ್, ತಿಂಗಳ ಹಾಜರಿ ಭತ್ಯೆಯೂ ಕಟ್. ಪುಕ್ಕಟೆ ಕೇಸಿಗೆ ನನಗಾದ ದೊಡ್ಡ ಖರ್ಚು ಅದೇ. ಉಳಿದಂತೆ ಜೆರಾಕ್ಸು, ನೋಟರಿ, ಮತ್ತೆ ಫೋಟೋ ಸ್ಟುಡಿಯೋದವನಿಗೆ ₹600. ಮದುವೆ ಫೋಟೋಗಳ ಫೈಲು ಅವನ ಹತ್ತಿರ ಇನ್ನೂ ಇತ್ತು. ಕತ್ತಿನ ಸರ, ಓಲೆ, ಬಳೆ ಕಾಣುವ ಎಂಟು ಫೋಟೋ ಹಾಕಿಸಿದೆ. ಸ್ತ್ರೀಧನದ ಪಟ್ಟಿಗೆ ನನ್ನ ಬಳಿ ಇದ್ದ ಸಾಕ್ಷಿ ಅಷ್ಟೇ.

ಅವನ ತಕರಾರು ಎರಡು. ಮನೆ ತಾಯಿಯ ಹೆಸರಲ್ಲಿದೆ, ಸೊಸೆಗೆ ಹಕ್ಕಿಲ್ಲ. ಒಂದೂವರೆ ಎಕರೆ ಕಬ್ಬಿನ ಗದ್ದೆಯೂ ತಾಯಿಯದು, ತನಗೂ ಅದಕ್ಕೂ ಸಂಬಂಧವಿಲ್ಲ, ಗ್ಯಾರೇಜಿನಿಂದ ತಿಂಗಳಿಗೆ ₹8,000 ಹುಟ್ಟಿದರೆ ಹೆಚ್ಚು. ಮೊದಲನೆಯದಕ್ಕೆ ವಕೀಲರು 2020ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಇಟ್ಟರು. ಸೊಸೆ ಬಾಳಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅದು ಹಂಚಿಕೊಂಡು ಬಾಳಿದ ಮನೆಯೇ ಆಗಬಹುದು ಎಂದು. ಎರಡನೆಯದಕ್ಕೆ ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಹಾಕಬೇಕು. ಅದು ಪುಟಗಟ್ಟಲೆ ಇದೆ. ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿಟ್ಟುಕೊಂಡಿರಿ, ಇಲ್ಲದಿದ್ದರೆ ಅದಕ್ಕೇ ಒಂದು ವಾಯಿದೆ ಹೋಗುತ್ತದೆ. ನನಗೆ ಹೋಯಿತು. ಗ್ಯಾರೇಜಿನಲ್ಲಿ ಮೂರು ಹುಡುಗರು ಕೆಲಸ ಮಾಡುವುದನ್ನು ಅಣ್ಣ ರಸ್ತೆಯಲ್ಲಿ ನಿಂತು ಫೋಟೋ ತೆಗೆದು ತಂದ. ಅವತ್ತಿನಿಂದ ಅಣ್ಣ ನನ್ನ ಜೊತೆ ಮಾತಾಡತೊಡಗಿದ.

ಜುಲೈನಲ್ಲಿ ಮಧ್ಯಂತರ ಆದೇಶ: ತಿಂಗಳಿಗೆ ₹5,000, ನನ್ನ ಹತ್ತಿರ ಸುಳಿಯಬಾರದು. ಎರಡು ತಿಂಗಳು ಕೊಟ್ಟ, ನಿಲ್ಲಿಸಿದ. ಸಂರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ ₹20,000ದವರೆಗೆ ದಂಡ ಉಂಟು ಎಂದು ಅವನಿಗೆ ಯಾರೋ ಹೇಳಿರಬೇಕು, ಹತ್ತಿರ ಮಾತ್ರ ಸುಳಿಯಲಿಲ್ಲ. ದುಡ್ಡಿನ ಬಾಕಿಗೆ ಬೇರೆ ಅರ್ಜಿ ಹಾಕಬೇಕು. ತಾನಾಗಿ ಯಾರೂ ವಸೂಲು ಮಾಡಿಕೊಡುವುದಿಲ್ಲ.

ಪಾಟೀ ಸವಾಲು ನವೆಂಬರಿನಲ್ಲಿ. ಇಂಥ ವಿಚಾರಣೆ ಬಾಗಿಲು ಮುಚ್ಚಿ ನಡೆಸಿ ಎಂದು ಕೇಳುವ ಹಕ್ಕು ಎರಡೂ ಕಡೆಯವರಿಗಿದೆ. ನಾವು ಕೇಳಿದೆವು, ಸಾಹೇಬರು ಒಪ್ಪಿದರು. ಆದರೂ ಅವನ ವಕೀಲರು ಮೊದಲು ತೆಗೆದದ್ದು ಆ ನರ್ಸಿಂಗ್ ಹೋಮ್ ಚೀಟಿ. "ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ನೀವೇ ಹೇಳಿದ್ದು ಹೌದೋ ಅಲ್ಲವೋ?" ಹೌದು ಅಂದೆ. ಪಕ್ಕದಲ್ಲಿ ಯಾರು ನಿಂತಿದ್ದರು ಎಂದು ಅವರು ಕೇಳಲಿಲ್ಲ. ಅದನ್ನು ಆಮೇಲೆ ನಮ್ಮ ವಕೀಲರು ಕೇಳಿದರು.

ಬಳಿಕ ಡಿಐಆರ್ ಎತ್ತಿದರು. "ಲೈಂಗಿಕ ಹಿಂಸೆ ಅನ್ನುವ ಕಡೆ ಗೆರೆ ಎಳೆದಿದೆ. ಒಂದು ತಿಂಗಳಾದ ಮೇಲೆ ಅರ್ಜಿಯಲ್ಲಿ ಬರುತ್ತದೆ. ವಕೀಲರು ಹೇಳಿಕೊಟ್ಟದ್ದು ತಾನೇ?"

ಇದಕ್ಕೆ ನಾವು ಉತ್ತರ ತಯಾರು ಮಾಡಿಕೊಂಡಿದ್ದೆವು. ಅದು ಒಂದೂ ನೆನಪಿಗೆ ಬರಲಿಲ್ಲ. "ಆ ರೂಮಿನಲ್ಲಿ ಹನ್ನೊಂದು ಜನ ಇದ್ರು ಸಾರ್" ಅಂದೆ. ಬೆರಳಚ್ಚುಗಾರರು ಟೈಪ್ ಮಾಡುವುದನ್ನು ನಿಲ್ಲಿಸಿ ಸಾಹೇಬರ ಮುಖ ನೋಡಿದರು. "ಬರ್ಕೊಳ್ಳಿ," ಅಂದರು ಸಾಹೇಬರು, "ಅವರು ಹೇಳಿದ ಹಾಗೇ ಬರ್ಕೊಳ್ಳಿ."

ಆದ್ದರಿಂದ ಸಿಡಿಪಿಒ ಕಚೇರಿಗೆ ಹೋಗುವವರಿಗೆ ನಾನು ಹೇಳುವುದು ಒಂದೇ. ಬೇರೆ ಕೋಣೆ ಕೇಳಿ. ಇಲ್ಲ ಅಂದರೆ ಮೀಟಿಂಗ್ ಇಲ್ಲದ ದಿನ ಬರುತ್ತೇನೆ ಅನ್ನಿ. ಮನೆಯಲ್ಲೇ ಕಾಗದದಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಿ. ತಾರೀಖು ನೆನಪಿಲ್ಲದಿದ್ದರೆ 'ಗೌರಿ ಹಬ್ಬದ ವಾರ', 'ಮಗಳಿಗೆ ಮೈಮೇಲೆ ಅಮ್ಮ ಎದ್ದಿದ್ದಾಗ' ಎಂದಾದರೂ ಬರೆಯಿರಿ. ಗೆರೆ ಎಳೆಯುವ ಪೆನ್ನಿಗೆ ಮಾತ್ರ ಬಿಡಬೇಡಿ. ಆ ಗೆರೆಯ ವಿವರಣೆಗೇ ನನಗೆ ಇನ್ನೆರಡು ವಾಯಿದೆ ಬೇಕಾದವು.

ಅಂತಿಮ ಆದೇಶದಲ್ಲಿ ನನಗೆ ₹5,000, ಮಗಳಿಗೆ ₹3,000, ಬಾಡಿಗೆಗೆ ₹2,500. ಅರ್ಜಿ ಹಾಕಿದ ದಿನದಿಂದ ಲೆಕ್ಕ. ಪರಿಹಾರ ₹75,000. ಪಟ್ಟಿಯಲ್ಲಿನ ಒಡವೆ ವಾಪಸ್ ಕೊಡಬೇಕು. ಮನೆಗೆ, ಕೆಲಸದ ಜಾಗಕ್ಕೆ, ಮಗಳ ಶಾಲೆಗೆ ಬರಬಾರದು, ಫೋನ್ ಮಾಡಬಾರದು. ಹದಿನೇಳನೇ ಪುಟದಲ್ಲಿ ಎರಡನೇ ಕಾಲಮ್ಮಿನ ಮಾತಿದೆ. ಅರ್ಜಿದಾರಳು ಅದನ್ನು ತಡವಾಗಿ ಹೇಳಿದ್ದಕ್ಕೆ ಕೊಟ್ಟ ಕಾರಣ ನಂಬತಕ್ಕದ್ದು ಎಂದು ನಾಲ್ಕು ಸಾಲು. ಆ ಪುಟವನ್ನು ಮಾತ್ರ ಅವ್ವನಿಗೆ ಓದಿ ಹೇಳಲಿಲ್ಲ. ಅವಳಾಗಿ ಕೇಳಲೂ ಇಲ್ಲ, ಆದರೆ ಅವತ್ತು ರಾತ್ರಿ ನನ್ನ ಪಕ್ಕ ಬಂದು ಚಾಪೆ ಹಾಸಿಕೊಂಡಳು.

ಅವನು 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹೋಗಬಹುದು. ಹೋಗುತ್ತಾನೋ ಇಲ್ಲವೋ ನೋಡಬೇಕು. ಹಳೇ ಬಾಕಿಯ ವಸೂಲಿ ಅರ್ಜಿಗೆ ಜೂನ್ 12ಕ್ಕೆ ವಾಯಿದೆ ಇದೆ. ಅದಕ್ಕೆ ಅವನು ಹಾಕಿರುವ ತಕರಾರಿನ ಪ್ರತಿ ನಿನ್ನೆ ಸಿಕ್ಕಿತು. ಕಾರ್ಖಾನೆಯಿಂದ ತನಗೆ ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ, ಬಂದ ಕೂಡಲೇ ಕಟ್ಟುತ್ತೇನೆ, ಸಮಯ ಕೊಡಬೇಕು ಎಂದು ಬರೆದಿದ್ದಾನೆ. ವಕೀಲರು ಅದನ್ನು ಎರಡು ಸಲ ಓದಿದರು. ಆಮೇಲೆ ಗದ್ದೆಗೂ ತನಗೂ ಸಂಬಂಧವಿಲ್ಲವೆಂದು ಹೋದ ವರ್ಷ ಅವನೇ ಪ್ರಮಾಣ ಮಾಡಿದ್ದ ಅಫಿಡವಿಟ್ಟನ್ನು ಫೈಲಿನಿಂದ ಹುಡುಕಿ ತೆಗೆದು, ಎರಡನ್ನೂ ಒಟ್ಟಿಗೆ ಸೇರಿಸಿ ಪಿನ್ ಹೊಡೆದರು.